ಜೀರ್ಣೋದ್ಧಾರವೂ ಸತ್ಯವೂ

ಒಡೆದುದನ್ನು ಕೂಡಿಸುವದೂ ಸವೆದುದನ್ನು ನೆಟ್ಟಗೆ ಮಾಡುವದೂ ಮನುಷ್ಯನ ಅತಿ ಪುರಾತನವಾದ ಉದ್ಯೋಗಗಳು. ಕುಂಟೆಯ ಕುಡವು ಮೊಂಡಾದರೆ ಕಂಬಾರನು ಅದನ್ನು ಹಣಿದು ಕೊಡುವನು. ಬಂಡಿಯ ಗಾಲಿಯು ಸಡಿಲಾದರೆ ಬಡಿಗನು ಹೊಸ ಅರಗಳನ್ನು ಕೂಡಿಸುವನು. ಹೀಗೆ ದುರಸ್ತಿಯಾದ ಬಂಡಿಯು ಮೊದಲಿನ ಬಂಡಿಯೇ ಅಹುದೋ ಅಲ್ಲವೋ ಎಂಬ ಸಂಶಯವು ಯಾವ ಒಕ್ಕಲಿಗನನ್ನೂ ಬಾಧಿಸುವದಿಲ್ಲ. ಬಂಡಿಯು ಹೊಲಕ್ಕೆ ಹೋಗಿ ಬಂದರೆ ಅವನಿಗೆ ಸಾಕು. ಆದರೆ ವಸ್ತುವೊಂದು ಬರಿಯ ಉಪಕರಣವಾಗಿರುವದನ್ನು ಬಿಟ್ಟು ಮನೆತನದ ನೆನಪಾಗಿ ನಿಂತಾಗ ಈ ಸಂಶಯವು ತಲೆಯೆತ್ತುವದು. ಆಗ ದುರಸ್ತಿಯ ಪ್ರಶ್ನೆಯು ಧರ್ಮದ ಪ್ರಶ್ನೆಯಾಗಿ ಪರಿಣಮಿಸುವದು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ಸೀಮೆಗಳ ಮನೆಯೊಂದರ ಅಂಗಳದಲ್ಲಿ, ಬೇವಿನ ಮರದ ನೆರಳಿಗೆ, ಹಿಂದಿನ ತಲೆಮಾರಿನವರ ಮೋಟಾರುಗಾಡಿಯೊಂದು ನಿಂತಿದೆಯೆಂದು ಭಾವಿಸೋಣ. ಅದು ಅಂಬಾಸಿಡರ್ ಆಗಿರಬಹುದು; ಇಂಗ್ಲಂಡದ ಮಾರಿಸ್ ಆಕ್ಸ್‌ಫರ್ಡ್ ಗಾಡಿಯ ಮಾದರಿಯಲ್ಲಿ ಬಂಗಾಲದ ಉತ್ತರಪಾರಾದೊಳಗೆ ಅದನ್ನು ಮಾಡಲಾರಂಭಿಸಿ, 2014ರಲ್ಲಿ ನಿಲ್ಲಿಸಿದರು. ಇಲ್ಲವೆ ಮುಂಬಯಿಯಲ್ಲಿ ತಯಾರಾದ ಫಿಯಾಟ್ ಇರಬಹುದು. ಎರೆಯ ನೆಲದ ಕೆಸರಿಗೆ ಅಂಜದ ಜೀಪು ಇರಬಹುದು. ಯಜಮಾನನು ತೀರಿಕೊಂಡ ಮೇಲೆ ಗಾಡಿಯು ನಿಂತಲ್ಲಿಯೇ ನಿಂತಿತು. ಕೋಳಿಗಳು ಅದರ ಕೆಳಗೆ ಮೊಟ್ಟೆಯಿಟ್ಟವು. ಗುಜರಿಯವನು ವರ್ಷಕ್ಕೊಮ್ಮೆ ಬಂದು ತೂಕದ ಲೆಕ್ಕದಲ್ಲಿ ಬೆಲೆ ಹೇಳಿ ಹೋದನು. ಕೊನೆಗೆ ಮಕ್ಕಳಲ್ಲೊಬ್ಬನು ಅದನ್ನು ಮನೆಯಲ್ಲಿಯೇ ಸರಿಪಡಿಸುವ ಸಂಕಲ್ಪವನ್ನು ತೊಡುವನು.

ತೂಕದ ಬೆಲೆಯೇ ನಿಜವಾದ ಬೆಲೆಯೆಂದು ಹೇಳುವವರಿಗೆ ವಿಜಾಪುರದ ಕೋಟೆಯ ಮೇಲಿರುವ ಮಲಿಕ್-ಎ-ಮೈದಾನ ತೋಪೇ ಉತ್ತರವು. 1549ರಲ್ಲಿ ಎರಕ ಹೊಯ್ದ ಆ ಭಾರೀ ತೋಪನ್ನು 1854ರಲ್ಲಿ ಹರಾಜಿಗೆ ಇಟ್ಟಾಗ ಯಾರೂ 150 ರೂಪಾಯಿಗಿಂತ ಹೆಚ್ಚು ಕೂಗಲಿಲ್ಲ. ಆದುದರಿಂದ ಅದು ಉಳಿಯಿತು. ಆ ದಿನದ ಪೇಟೆಯು ಲೋಹವನ್ನಷ್ಟೇ ಕಂಡಿತು. ಮನೆಯ ಗಾಡಿಯು ರಾಜ್ಯದ ತೋಪಲ್ಲವೆಂಬುದು ನಿಜ. ಆದರೂ ಮದುವೆಯ ದಿಬ್ಬಣಕ್ಕೆ ಹೋದ, ನಡುರಾತ್ರಿ ಬಾಣಂತಿಯನ್ನು ಆಸ್ಪತ್ರೆಗೆ ಮುಟ್ಟಿಸಿದ ಗಾಡಿಯ ಬೆಲೆಯನ್ನು ತಕ್ಕಡಿಯು ಹೇಳಲಾರದು.

ದುರಸ್ತಿಯ ಕೆಲಸವು ಮೊದಲು ಕಲಿಸುವ ಪಾಠವು ತಾಳ್ಮೆಯದು. ಬಹುಕಾಲ ನಿಂತ ಯಂತ್ರದಲ್ಲಿ ಪಿಸ್ಟನ್ನುಗಳು ಸಿಲಿಂಡರಿಗೆ ಕಚ್ಚಿಕೊಂಡಿರುವವು. ಬಲದಿಂದ ತಿರುಗಿಸಿದರೆ ಮುರಿಯುವವು. ಎಣ್ಣೆಯನ್ನು ಸುರಿದು ದಿನಗಟ್ಟಲೆ ಕಾದರೆ ತಾವಾಗಿ ಸಡಿಲುವವು. ಪೆಟ್ರೋಲು ಅಂಟಾಗಿ ಕಾರ್ಬುರೇಟರಿನ ಸಣ್ಣ ರಂಧ್ರಗಳನ್ನು ಮುಚ್ಚಿರುವದು. ಬ್ರೇಕಿನ ರಬ್ಬರುಗಳು ಬಿರುಕುಬಿಟ್ಟಿರುವವು, ತಂತಿಗಳ ಹೊದಿಕೆಯನ್ನು ಇಲಿಗಳು ತಿಂದಿರುವವು. ಇವನ್ನೆಲ್ಲ ಸರಿಪಡಿಸುವದು ಶ್ರಮದ ಮಾತು. ಧರ್ಮಸಂಕಟವು ಹುಟ್ಟುವದು ಜಂಗು ಹಿಡಿದ ತಗಡಿನ ಎದುರಿಗೆ. ಜಂಗು ತಿಂದ ಭಾಗವನ್ನು ಕತ್ತರಿಸಿ, ಹೊಸ ತಗಡನ್ನು ಬೆಸೆದು, ಅನಂತರ ಬಣ್ಣ ಹಚ್ಚುವದು ಒಂದು ಮಾರ್ಗ. ಜಂಗಿನ ಮೇಲೆಯೇ ಪುಟ್ಟಿಯನ್ನು ಮೆತ್ತಿ, ಉಜ್ಜಿ ನಯಗೊಳಿಸಿ, ಬಣ್ಣದಿಂದ ಮುಚ್ಚುವದು ಇನ್ನೊಂದು. ನೋಡುವವರ ಕಣ್ಣಿಗೆ ಎರಡೂ ಒಂದೇ. ಒಳಗಿನ ಸಂಗತಿಯು ಮಾಡಿದವನಿಗೊಬ್ಬನಿಗೇ ಗೊತ್ತು. ಎರಡನೆಯ ಗಾಡಿಯು ಕೆಲವು ಮಳೆಗಾಲಗಳಲ್ಲಿಯೇ ತನ್ನ ಸುಳ್ಳನ್ನು ತಾನೇ ಹೊರಗೆಡಹುವದು.

ಮೊದಲನೆಯ ಮಾರ್ಗವನ್ನು ಹಿಡಿದವನಿಗೂ ಒಂದು ಆಕ್ಷೇಪವು ಎದುರಾಗುವದು. ನೆಲದ ತಗಡು ಹೊಸದು, ತಂತಿಗಳು ಹೊಸವು, ಗಾದಿಗಳು ಹೊಸವು. ಹೀಗಿರಲು ಇದು ತಂದೆಯ ಗಾಡಿಯೆಂದು ಹೇಗೆ ಹೇಳಬೇಕು? ಈ ಪ್ರಶ್ನೆಯು ಇಂದಿನದಲ್ಲ. ಬೌದ್ಧರ ಮಿಲಿಂದಪ್ರಶ್ನದಲ್ಲಿ ನಾಗಸೇನನೆಂಬ ಭಿಕ್ಷುವು ಮಿಲಿಂದರಾಜನನ್ನು, ಅವನು ಏರಿ ಬಂದ ರಥದ ವಿಷಯವಾಗಿಯೇ ಕೇಳುವನು: ಅಚ್ಚು ರಥವೇ, ಗಾಲಿಯು ರಥವೇ, ನೊಗವು ರಥವೇ? ಯಾವದೂ ಅಲ್ಲವೆಂದು ಒಪ್ಪಿದ ರಾಜನು, ಇವೆಲ್ಲವುಗಳ ಆಶ್ರಯದಿಂದ ರಥವೆಂಬ ಹೆಸರು ನಡೆಯುವದೆಂದು ಹೇಳಬೇಕಾಗುವದು. ಗ್ರೀಕರಲ್ಲಿ ಪ್ಲುಟಾರ್ಕನು ಥೀಸಿಯಸ್ಸನ ಹಡಗದ ಮಾತನ್ನು ಬರೆದಿರುವನು. ಕೊಳೆತ ಹಲಿಗೆಗಳನ್ನು ತೆಗೆದು ಹೊಸವನ್ನು ಕೂಡಿಸುತ್ತ ಹೋದಾಗ ಅದು ಅದೇ ಹಡಗವೆಂದು ಕೆಲವರೂ, ಅಲ್ಲವೆಂದು ಕೆಲವರೂ ವಾದಿಸಿದರು. 17ನೆಯ ಶತಮಾನದಲ್ಲಿ ಹಾಬ್ಸನೆಂಬ ಇಂಗ್ಲಿಷ್ ತತ್ತ್ವಜ್ಞನು ಆ ಗಂಟನ್ನು ಇನ್ನಷ್ಟು ಬಿಗಿದನು: ತೆಗೆದು ಒಗೆದ ಹಲಿಗೆಗಳನ್ನೆಲ್ಲ ಕೂಡಿಸಿ ಒಬ್ಬನು ಇನ್ನೊಂದು ಹಡಗವನ್ನು ಕಟ್ಟಿದರೆ ಯಾವುದು ನಿಜವಾದದ್ದು?

ಜನರ ಆಚಾರವು ಈ ಗಂಟನ್ನು ತನ್ನ ರೀತಿಯಿಂದ ಬಿಚ್ಚಿದೆ. ಪುರಿಯ ಜಗನ್ನಾಥನ ರಥವನ್ನು ಪ್ರತಿವರ್ಷವೂ ಹೊಸ ಮರದಿಂದ ಕಟ್ಟುವರು. ಆದರೂ ಅದು ನಂದಿಘೋಷವೇ. ಮರವು ಬೇರೆಯಾದರೂ ಅಳತೆ, ಕಾರ್ಯ, ಕಟ್ಟುವವರ ಪರಂಪರೆಗಳು ತುಂಡಾಗಿಲ್ಲ. ನ್ಯಾಯಾಲಯವೂ ಒಮ್ಮೆ ಇದೇ ದಿಕ್ಕಿನಲ್ಲಿ ಆಲೋಚಿಸಿತು. 1929 ಮತ್ತು 1930ರಲ್ಲಿ ಫ್ರಾನ್ಸದ ಲ ಮಾನ್ ಪಂದ್ಯದಲ್ಲಿ ಗೆದ್ದ, ‘ಓಲ್ಡ್ ನಂಬರ್ ವನ್’ ಎಂಬ ಹೆಸರಿನ ಬೆಂಟ್ಲೆ ಗಾಡಿಯ ಮಾರಾಟದ ವ್ಯಾಜ್ಯವು 1990ರಲ್ಲಿ ಇಂಗ್ಲಂಡದ ನ್ಯಾಯಾಲಯದ ಮುಂದೆ ಬಂದಿತು. ಆ ಗಾಡಿಯಲ್ಲಿ ಮೊದಲಿನ ಭಾಗಗಳು ಬಹು ಸ್ವಲ್ಪ ಉಳಿದಿದ್ದವು. ಆದರೂ ಅದರ ಇತಿಹಾಸವು ಎಲ್ಲಿಯೂ ತುಂಡಾಗಿಲ್ಲವೆಂದೂ, ಆ ಹೆಸರಿಗೆ ಅದೇ ಹಕ್ಕುದಾರವೆಂದೂ ನ್ಯಾಯಾಧೀಶರು ತೀರ್ಮಾನಿಸಿದರು.

ಇತ್ತ ಭಾರತದ ನಿಯಮವು ಹೆಚ್ಚು ಬಿಗಿಯಾಗಿದೆ. 2021ರಲ್ಲಿ ತಿದ್ದಿದ ಮೋಟಾರು ನಿಯಮಗಳ ಪ್ರಕಾರ 50 ವರ್ಷಗಳಿಗೂ ಮೀರಿದ ಗಾಡಿಯು ‘ವಿಂಟೇಜ್’ ಎನಿಸಿಕೊಳ್ಳಬೇಕಾದರೆ ಅದು ಮೂಲರೂಪದಲ್ಲಿಯೇ ಇರಬೇಕು. ಚಾಸಿ, ಮೈಗೂಡು, ಯಂತ್ರಗಳಲ್ಲಿ ಮಾರ್ಪಾಡಾಗಿರಕೂಡದು. ಹಾಗೆ ನೋಂದಣಿಯಾದ ಗಾಡಿಯು ಪ್ರದರ್ಶನ, ವಿಂಟೇಜ್ ಗಾಡಿಗಳ ಮೆರವಣಿಗೆ ಮುಂತಾದವುಗಳಿಗೆ ಮಾತ್ರ ಹೊರಡಬಹುದಲ್ಲದೆ ದಿನನಿತ್ಯದ ಓಡಾಟಕ್ಕೆ ಬರುವಂತಿಲ್ಲ. ಇಂಗ್ಲಂಡದ ತೀರ್ಪು ಇತಿಹಾಸವನ್ನು ನೋಡಿದರೆ, ಇಲ್ಲಿಯ ನಿಯಮವು ಶರೀರವನ್ನು ನೋಡುವದು. ಎರಡರಲ್ಲಿಯೂ ಸಮಾನವಾದ ಒಂದು ಅಪೇಕ್ಷೆಯುಂಟು: ಏನು ಆಗಿದೆಯೋ ಅದನ್ನು ಇದ್ದಂತೆ ಹೇಳಬೇಕು. ಬೇರೊಂದು ಗಾಡಿಯ ಮೈಗೆ ತಂದೆಯ ಗಾಡಿಯ ನಂಬರನ್ನು ಬಡಿದು ‘ಇದೇ ಅದು’ ಎನ್ನುವವನು ಈ ಎರಡು ಕಟ್ಟಳೆಗಳನ್ನೂ ಮೀರಿದನು. ಬದಲಿಸುವದರಲ್ಲಿ ದೋಷವಿಲ್ಲ, ಬದಲಿಸಿದುದನ್ನು ಮರೆಮಾಚುವದರಲ್ಲಿ ದೋಷವು.

ಇದಕ್ಕೆ ವಿರುದ್ಧವಾದ ತಪ್ಪೂ ಒಂದುಂಟು. ಮೂಲವಸ್ತುವಿನ ಮೇಲಿನ ಮೋಹದಿಂದ ಹಳೆಯ ಬ್ರೇಕಿನ ರಬ್ಬರನ್ನೇ ಉಳಿಸಿಕೊಂಡು ರಸ್ತೆಗೆ ಇಳಿಯುವವನು ತಂದೆಯ ನೆನಪಿಗಾಗಿ ಇನ್ನೊಬ್ಬರ ಮಗುವಿನ ಪ್ರಾಣವನ್ನು ಪಣಕ್ಕೆ ಇಡುವನು. ದಾರಿಯಲ್ಲಿ ನಡೆಯುವವರ ಕ್ಷೇಮವು ನೆನಪಿಗಿಂತ ದೊಡ್ಡದು. ಜೀವಕ್ಕೆ ಸಂಬಂಧಿಸಿದ ಭಾಗವು ಹೊಸದಾಗಬೇಕು. ಜೀವಕ್ಕೆ ಸಂಬಂಧಿಸದ, ನೆನಪಿಗೆ ಸಂಬಂಧಿಸಿದ ಭಾಗವು ಸಾಧ್ಯವಾದಷ್ಟು ಹಳೆಯದಾಗಿಯೇ ಉಳಿಯಬೇಕು. ಯಜಮಾನನ ಅಂಗೈ ತಾಗಿ ನುಣುಪಾದ ಸ್ಟಿಯರಿಂಗ್ ಚಕ್ರವನ್ನು ಹೊಳಪಿನ ಆಸೆಗೆ ಕಿತ್ತೊಗೆದವನು ಗಾಡಿಯನ್ನು ಉಳಿಸಿ ಯಜಮಾನನನ್ನು ಕಳೆದುಕೊಂಡನು.

ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿ ಹಳೆಯ ಮೋಟಾರುಗಳನ್ನು ಜೋಕೆಯಿಂದ ಇರಿಸಿರುವರು. ಮನೆಗೆ ಅಂಥ ಅನುಕೂಲವಿಲ್ಲ. ಆದರೆ ಒಂದು ವಹಿಯಂತೂ ಇರಬಹುದು. ಅಂಗಡಿಯ ಲೆಕ್ಕವನ್ನು ತಲೆಮಾರುಗಳವರೆಗೆ ಬರೆದಿಟ್ಟ ಮನೆತನಗಳಿಗೆ ಇದು ಹೊಸ ಅಭ್ಯಾಸವಲ್ಲ. ಯಾವ ದಿನ ಯಾವ ಭಾಗವನ್ನು ತೆಗೆದರು, ಏನನ್ನು ಹಾಕಿದರು, ಯಾವ ಮಿಸ್ತ್ರಿಯು ಮಾಡಿದನು, ಯಾರ ಹಣವು ವೆಚ್ಚವಾಯಿತು ಎಂಬುದನ್ನು ಬರೆಯಬೇಕು. ಕೊನೆಯ ಮಾತು ಅಲ್ಪವಲ್ಲ. ಅಣ್ಣತಮ್ಮಂದಿರು ಬೇರೆಯಾದ ಮನೆಯಲ್ಲಿ ತಂದೆಯ ಗಾಡಿಯು ಎಲ್ಲರದು, ಬೆವರು ಒಬ್ಬನದು. ದುರಸ್ತಿಯಾದ ಮೇಲೆ ಇದು ನನ್ನದೆಂದು ಅವನೂ, ನಮ್ಮದೆಂದು ಉಳಿದವರೂ ಅನ್ನುವದು ಸಹಜ. ಹೆಣ್ಣುಮಕ್ಕಳನ್ನಂತೂ ಯಾರೂ ಕೇಳಿರುವದಿಲ್ಲ. ಸ್ಪಾನರನ್ನು ಹಿಡಿಯುವ ಮೊದಲು ಎಲ್ಲರ ಒಪ್ಪಿಗೆಯನ್ನು ಪಡೆಯದವನು ತಗಡನ್ನು ಬೆಸೆದು ಮನೆಯನ್ನು ಒಡೆದಂತಾಗುವದು.

ಬಸವಣ್ಣನವರ ಜನ್ಮಸ್ಥಳವೆಂದು ಗೌರವಿಸಲ್ಪಡುವ ಬಾಗೇವಾಡಿಯ ನೆಲದಲ್ಲಿ ಸ್ಥಾವರ-ಜಂಗಮಗಳ ವಿವೇಚನೆಯು ಯಾರಿಗೂ ಅಪರಿಚಿತವಲ್ಲ. ಶರಣರು ಅದನ್ನು ಉನ್ನತವಾದ ಅರ್ಥದಲ್ಲಿ ಹೇಳಿದರು. ಆದರೂ ಅಂಗಳದ ಗಾಡಿಗೂ ಅದರಿಂದ ಒಂದು ಮಾತು ಸಲ್ಲುವದು. ಚಲಿಸುವದಕ್ಕಾಗಿಯೇ ಹುಟ್ಟಿದುದನ್ನು ಹೊಳೆಯಿಸಿ ನಿಲ್ಲಿಸಿದರೆ ಅದು ಅಲಂಕಾರವೇ ಹೊರತು ಉದ್ಧಾರವಲ್ಲ. ವರ್ಷಕ್ಕೊಮ್ಮೆ ಜಾತ್ರೆಯ ದಿನ ಮನೆಯ ಮುದುಕಿಯನ್ನೂ ಮೊಮ್ಮಕ್ಕಳನ್ನೂ ಕೂಡ್ರಿಸಿಕೊಂಡು ಊರ ಅಗಸಿಯ ವರೆಗಾದರೂ ಅದು ನಡೆಯಲಿ. ‘ಇದರಲ್ಲಿ ಅಜ್ಜನದು ಯಾವುದು, ಹೊಸದು ಯಾವುದು?’ ಎಂದು ಮೊಮ್ಮಗಳು ಕೇಳಿದಾಗ ಸಂಕೋಚಪಡದೆ ಬೆರಳಿಟ್ಟು ತೋರಿಸಬಲ್ಲ ಮನೆಯವರದೇ ನಿಜವಾದ ಜೀರ್ಣೋದ್ಧಾರವು.