5 ಡಾಲರಿನ ವ್ರತ

ತ್ಯಾಗವೂ ಅಹಂಕಾರದ ಇನ್ನೊಂದು ವೇಷವೇ? ಜೆಮ್ ಕೋಹೆನ್ ಅವರ ‘ಇನ್‌ಸ್ಟ್ರುಮೆಂಟ್’ (1999) ನೋಡುವಾಗ ಈ ಪ್ರಶ್ನೆ ಬಿಡದೆ ಕಾಡುತ್ತದೆ. ವಾಷಿಂಗ್ಟನ್ನಿನ ಪಂಕ್ ಸಂಗೀತ ತಂಡ ಫುಗಾಜಿಯ ಬೆನ್ನಿಗೆ ಹತ್ತು ವರ್ಷ ಬಿದ್ದು ತೆಗೆದ ಸಾಕ್ಷ್ಯಚಿತ್ರವಿದು. ತಂಡದವರು ಟಿಕೆಟ್ ದರವನ್ನು ಸಾಮಾನ್ಯವಾಗಿ 5 ಡಾಲರಿನ ಆಸುಪಾಸಿನಲ್ಲೇ ಇಟ್ಟರು. ದೊಡ್ಡ ಕಂಪನಿಗಳಿಗೆ ಒಲಿಯದೆ ತಮ್ಮೂರಿನ ಡಿಸ್ಕಾರ್ಡ್ ಎಂಬ ರೆಕಾರ್ಡ್ ಸಂಸ್ಥೆಯಲ್ಲೇ ಹಾಡು ಹೊರತಂದರು. ಇದೂ ಒಂದು ಜಾಹೀರಾತೇ ತಾನೆ ಎನ್ನುವವರಿದ್ದಾರೆ. ಅದನ್ನು ಪೂರ್ತಿ ತಳ್ಳಿಹಾಕಲಾಗದು, ಹೆಸರಂತೂ ಬಂತು. ಆದರೆ ವ್ರತದ ಬೆಲೆ ತೆತ್ತವರು ಯಾರು, ಫಲ ಉಂಡವರು ಯಾರು ಎಂದೂ ಕೇಳಬೇಕು. ಕಾರ್ಯಕ್ರಮದಲ್ಲಿ ಪಕ್ಕದವರನ್ನು ಗುದ್ದಿ ನೂಕುವವನಿದ್ದರೆ ಹಾಡು ನಿಲ್ಲಿಸಿ, ಲಕೋಟೆಯಲ್ಲಿ 5 ಡಾಲರ್ ಹಿಂತಿರುಗಿಸಿ ಹೊರಗೆ ಕಳಿಸುತ್ತಿದ್ದರು. ಅಹಂಕಾರ ಎಲ್ಲರ ಕಣ್ಣನ್ನೂ ತನ್ನತ್ತ ಸೆಳೆಯುತ್ತದೆ. ಕೋಹೆನ್ ಕ್ಯಾಮೆರಾ ಮಾತ್ರ ಹಾಡು ಕೇಳಲು ಬಂದ ಹುಡುಗ ಹುಡುಗಿಯರ ಮುಖಗಳ ಮೇಲೆ ಸುಮ್ಮನೆ ನಿಲ್ಲುತ್ತದೆ. ಜೇಬಿನಲ್ಲಿ ಹೆಚ್ಚು ಕಾಸಿಲ್ಲದವರಿಗೂ ಬಾಗಿಲು ತೆರೆದದ್ದು ಆ ವ್ರತವೇ.