ಸೊಪ್ಪು ಹಿಡಿದು ಹೋದವರು

ಹೋದ ವರ್ಷ ಮಾರ್ಚಿನ ಒಂದು ಮಧ್ಯಾಹ್ನ. ಬೆಂಗಳೂರಿನ ಆಫೀಸಿನಲ್ಲಿ ಮೀಟಿಂಗ್ ನಡೀತಿತ್ತು, ಊರಿಂದ ಅಪ್ಪನ ಫೋನು. ಎರಡು ಸಲ ಕಟ್ ಮಾಡಿದೆ. ಮೂರನೇ ಸಲ ಎತ್ತಿದರೆ, ಸಿದ್ದಾಪುರದ ನಮ್ಮ ಸೊಪ್ಪಿನ ಬೆಟ್ಟಕ್ಕೆ ಬೆಂಕಿ ಬಿದ್ದಿತ್ತಂತೆ. ಅಪ್ಪ ಫೋನು ಮಾಡಿದ್ದು ಸಹಾಯ ಕೇಳೋಕಲ್ಲ, ಆರಿತು ಅಂತ ಹೇಳೋಕೆ. ನಾಲ್ಕು ಮನೆಯವರು ಸೇರಿ ಹಸಿ ಸೊಪ್ಪಿನಲ್ಲಿ ಬಡಿದು ಬಡಿದು ಆರಿಸಿದ್ದರು. ಪಕ್ಕದ ಮನೆ ಮಾವನ ಹವಾಯಿ ಚಪ್ಪಲಿ ಕರಗಿ ಕಾಲಿಗೆ ಅಂಟಿಕೊಂಡಿತ್ತು. ಅರವತ್ತು ದಾಟಿದ ಜೀವ. ಬೆಟ್ಟ ನಮ್ಮದು, ಅವರಿಗ್ಯಾಕೆ ಬೇಕಿತ್ತು ಅಂದೆ.

"ಬೆಂಕಿಗೆ ಯಾರ ಬೆಟ್ಟ ಹೇಳಿ ಗೊತ್ತಿರ್ತಾ ತಮಾ?" ಅಂದರು ಅಪ್ಪ.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಕಾಲಿನ ಬದಲು ಜೀವವೇ ಹೋಗಿದ್ದರೆ ಆ ಮಾವನನ್ನ ಏನಂತ ಕರೀತಿದ್ವಿ?

2017ರ ಫೆಬ್ರವರಿಯಲ್ಲಿ ಬಂಡೀಪುರದ ಕಲ್ಕೆರೆ ವಲಯದಲ್ಲಿ ಬೆಂಕಿ ಆರಿಸೋಕೆ ಹೋದ ಅರಣ್ಯ ರಕ್ಷಕ ಮುರಿಗೆಪ್ಪ ವಾಪಸ್ ಬರಲಿಲ್ಲ. 2023ರ ಫೆಬ್ರವರಿಯಲ್ಲಿ ಸಕಲೇಶಪುರದ ಕಾಡುಮನೆ ಹತ್ತಿರ ಸುಂದರೇಶ್ ಸುಟ್ಟಗಾಯಗಳಿಂದ ತೀರಿಕೊಂಡರು. ಇಬ್ಬರನ್ನೂ ಹುತಾತ್ಮರು ಅಂದೆವು, ಅನ್ನಲೇಬೇಕು. ಪ್ರತಿವರ್ಷ ಸೆಪ್ಟೆಂಬರ್ 11 ಅರಣ್ಯ ಹುತಾತ್ಮರ ದಿನ. ತಮಾಷೆ ನೋಡಿ, ಅದು ಹುಟ್ಟಿದ್ದೇ ಸಮವಸ್ತ್ರ ಇಲ್ಲದವರ ನೆನಪಿನಲ್ಲಿ. 1730ರಲ್ಲಿ ಜೋಧಪುರದ ಹತ್ತಿರದ ಖೇಜಡ್ಲಿಯಲ್ಲಿ ಮರ ತಬ್ಬಿಕೊಂಡು ಸತ್ತ ಅಮೃತಾದೇವಿ ಮತ್ತು ಇತರರು, ಒಟ್ಟು 363 ಬಿಷ್ಣೋಯಿಗಳು, ಯಾವ ಇಲಾಖೆಯವರೂ ಅಲ್ಲ. (ಮರ ತಬ್ಬೋದು ನಮಗೂ ಹೊಸದಲ್ಲ, 1983ರಲ್ಲಿ ಶಿರಸಿಯ ಸಾಲ್ಕಣಿಯಲ್ಲಿ ಅಪ್ಪಿಕೊ ಶುರುವಾಗಿದ್ದು ಗೊತ್ತಲ್ಲ.)

'ಸ್ವಯಂಸೇವಕ' ಅನ್ನೋ ಪದವನ್ನ ನಮ್ಮೂರಲ್ಲಿ ಯಾರೂ ಬೆಂಕಿ ವಿಷಯಕ್ಕೆ ಬಳಸಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನ ಬೆಟ್ಟ ಬಿಟ್ಟಿದ್ದಾರೆ. ಸೊಪ್ಪು, ದರಕು ಎಲ್ಲ ಅಲ್ಲಿಂದಲೇ. ಬೆಟ್ಟ ಸುಟ್ಟರೆ ಕೊಟ್ಟಿಗೆಗೆ ಹಾಸೋಕೆ ಏನೂ ಇಲ್ಲ, ತೋಟಕ್ಕೆ ಗೊಬ್ಬರ ಇಲ್ಲ. ಹಾಗಾಗಿ ಓಡಿ ಹೋಗೋದರಲ್ಲಿ ಸ್ವಾರ್ಥವೂ ಇದೆ. ಸ್ನೇಹಿತನೊಬ್ಬ ಇದನ್ನೇ ಹಿಡಕೊಂಡು, "ಹಾಗಾದ್ರೆ ಅದು ತ್ಯಾಗ ಹೇಗೆ?" ಅಂತ ವಾದಿಸಿದ. ನಂಗೆ ಒಪ್ಪಿಗೆಯಾಗಲಿಲ್ಲ. ಸಂಬಳ ತಗೊಳ್ಳೋ ಸೈನಿಕನ ಸಾವನ್ನ ನಾವು ಕಡಿಮೆ ಅನ್ನಲ್ಲವಲ್ಲ. ಅಲ್ಲದೆ ಮಾವ ಹೋಗಿದ್ದು ನಮ್ಮ ಬೆಟ್ಟಕ್ಕೆ. ನಾಳೆ ಅವರ ಬೆಟ್ಟಕ್ಕೆ ಬೆಂಕಿ ಬಿದ್ದರೆ ನಮ್ಮ ಮನೆಯಿಂದ ಹೋಗೋಕೆ ಇರೋದು ಅಪ್ಪ ಒಬ್ಬರೇ. ಮಗ ಮೀಟಿಂಗಲ್ಲಿರ್ತಾನೆ.

ಹಿಂದಿನವರು ಈ ವಿಷಯದಲ್ಲಿ ನಮಗಿಂತ ನೇರ ಇದ್ದರು ಅನ್ಸತ್ತೆ. ಊರ ದನ ಹೊಡಕೊಂಡು ಹೋಗೋಕೆ ಬಂದವರನ್ನ ತಡೆದು ಸತ್ತವನಿಗೂ ವೀರಗಲ್ಲು ನಿಲ್ಲಿಸುತ್ತಿದ್ದರು. ಕೆಳಗೆ ಕಾಳಗ, ಮೇಲೆ ಅಪ್ಸರೆಯರು, ತುದಿಯಲ್ಲಿ ಶಿವಲಿಂಗ. ನಮಗೆ ಕಾಣೋದು ಇಷ್ಟೇ. ಅದರ ಜೊತೆಗೆ ಎಷ್ಟೋ ಕಡೆ ಸತ್ತವನ ಮನೆಯವರಿಗೆ ಭೂಮಿ ಬಿಡುತ್ತಿದ್ದರು. ಅದಕ್ಕೆ ನೆತ್ತರುಗೊಡಗೆ ಅಂತ ಹೆಸರು. ಕಲ್ಲು ಸತ್ತವನಿಗೆ, ಗದ್ದೆ ಉಳಿದವರಿಗೆ.

ನಾನು ಮಾಡಿದ್ದೇನು? ಕಾಡ್ಗಿಚ್ಚಿನ ಫೋಟೋ ಹಾಕಿ 'ನಮ್ಮೂರ ಹೀರೋಗಳಿಗೆ ಸಲಾಂ' ಅಂತ ಸ್ಟೇಟಸ್ ಬರೆದೆ. ನೂರಾರು ಲೈಕ್ ಬಂತು. ಹೊಗಳಿದ ಮೇಲೆ ಋಣ ತೀರಿದ ಹಾಗೆ ಹಗುರ ಅನ್ನಿಸಿತು ನೋಡಿ, ಅದೇ ಆಮೇಲೆ ಚುಚ್ಚಿದ್ದು. ಹೀರೋ ಅಂದುಬಿಟ್ಟರೆ, ಅವರು ಹವಾಯಿ ಚಪ್ಪಲಿಯಲ್ಲಿ ಬೆಂಕಿಗೆ ಯಾಕೆ ಇಳಿಯಬೇಕಾಯ್ತು ಅಂತ ಕೇಳೋದೇ ಮರೆತುಹೋಗತ್ತೆ. ಬೇಸಿಗೆಗೆ ಮುಂಚೆ ಬೆಟ್ಟದ ಅಂಚಿನ ದರಕು ಗುಡಿಸಿ ಬೆಂಕಿ ಲೈನ್ ಮಾಡೋಕೆ ಜನ ಸಿಗ್ತಿಲ್ಲ. ಸಿಗಬೇಕಾದವರಲ್ಲಿ ನಾನೂ ಒಬ್ಬ.

ಈ ಜನವರಿಯಲ್ಲಿ ನಾಲ್ಕು ದಿನ ರಜೆ ಹಾಕಿ ಹೋದೆ. ಎರಡು ದಿನ ದರಕು ಗುಡಿಸಿದೆ, ಮೂರನೇ ದಿನ ಸೊಂಟ ಹಿಡೀತು. ಜೊತೆಗೆ ನಾಲ್ಕು ಮನೆಗೂ ಅಂತ ನಾಲ್ಕು ಜೊತೆ ಗಮ್ ಬೂಟು ತಗೊಂಡು ಹೋಗಿದ್ದೆ. ಮಾವ ತಮ್ಮದನ್ನ ತಿರುಗಿಸಿ ಮುರುಗಿಸಿ ನೋಡಿದರು, ಒತ್ತಿ ನೋಡಿದರು. ಆಮೇಲೆ ನಗ್ತಾ ನನ್ನ ಕೈಗೇ ವಾಪಸ್ ಕೊಟ್ಟರು.

"ಇದೂ ರಬ್ಬರೇ ಅಲ್ದಾ ತಮಾ, ಕರಗ್ತು."