ಸೋಸಲಾಗದ ಗಾಳಿ



ಶ್ರಾವಕನ ಮನೆಯ ಗುರುತೇನೆಂದು ಕೇಳಿದರೆ ನಮ್ಮ ಹಿರಿಯರು ಎರಡನ್ನು ಹೇಳುತ್ತಿದ್ದರು: ರಾತ್ರಿಭೋಜನ ತ್ಯಾಗ ಮತ್ತು ಸೋಸಿದ ನೀರು. ಬಿಂದಿಗೆಯ ಬಾಯಿಗೆ ಎರಡು ಪದರದ ಬಟ್ಟೆ ಕಟ್ಟದೆ ನಮ್ಮ ತಾಯಂದಿರು ನೀರು ತುಂಬುತ್ತಿರಲಿಲ್ಲ. ಆದರೆ ಉಪವಾಸದ ದಿನವೂ ಬಿಡಲಾಗದ ವಸ್ತು ಇನ್ನೊಂದುಂಟು, ಅದು ಉಸಿರು. ಅದನ್ನು ಸೋಸುವ ಬಟ್ಟೆ ಯಾರ ಮನೆಯಲ್ಲಿದೆ?

ಹೊಗೆಯಲ್ಲಿರುವ ಸೂಕ್ಷ್ಮ ಕಣಗಳು 2.5 ಮೈಕ್ರೋಮೀಟರಿಗಿಂತಲೂ ಕಿರಿದು. ಎಂದರೆ ತಲೆಗೂದಲಿನ ದಪ್ಪದ ಸುಮಾರು 30ರಲ್ಲಿ ಒಂದು ಪಾಲು. ಮೂಗಿನ ರೋಮಗಳು ಇವನ್ನು ತಡೆಯಲಾರವು. ಅವು ಶ್ವಾಸಕೋಶದ ಆಳಕ್ಕಿಳಿಯುತ್ತವೆ. ಅತಿ ಸೂಕ್ಷ್ಮವಾದವು ರಕ್ತವನ್ನೂ ಸೇರುತ್ತವೆ. ಉಬ್ಬಸ, ಹೃದ್ರೋಗ, ಪಾರ್ಶ್ವವಾಯು, ಶ್ವಾಸಕೋಶದ ಕ್ಯಾನ್ಸರ್ ಇವುಗಳಿಗೆ ಅವು ಕಾರಣವಾಗುತ್ತವೆ. ಸೌದೆ, ಬೆರಣಿ ಮೊದಲಾದವುಗಳ ಮನೆಯೊಳಗಿನ ಹೊಗೆಯಿಂದಲೇ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಮರಣ ಹೊಂದಿದರೆಂದು ವಿಶ್ವ ಆರೋಗ್ಯ ಸಂಸ್ಥೆಯು ಅಂದಾಜು ಮಾಡಿದೆ.

ಪೃಥ್ವಿ, ಜಲ, ಅಗ್ನಿ, ವಾಯು, ವನಸ್ಪತಿ ಇವು ಐದೂ ಸ್ಥಾವರ ಜೀವಗಳೆಂದು ನಮ್ಮ ಆಗಮ ಸಾರುತ್ತದೆ. ಗೃಹಸ್ಥನು ಇವುಗಳ ಹಿಂಸೆಯನ್ನು ಪೂರ್ಣವಾಗಿ ಬಿಡಲಾರನು, ಒಲೆ ಹಚ್ಚಲೇಬೇಕು. ಆದುದರಿಂದಲೇ ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ಬೇರೆಯಾಗಿ ವಿವರಿಸಿದರು. ಪ್ರಯೋಜನವಿಲ್ಲದೆ ನೆಲ, ನೀರು, ಬೆಂಕಿ, ಗಾಳಿಗಳ ಆರಂಭ ಮಾಡುವುದು ಅದರಲ್ಲಿ ಪ್ರಮಾದಚರ್ಯೆ ಎನಿಸುತ್ತದೆ. ವ್ಯರ್ಥವಾಗಿ ಹಚ್ಚಿದ ಬೆಂಕಿಯು ಸ್ಥಾವರಗಳನ್ನಷ್ಟೇ ಅಲ್ಲ, ಉಸಿರಾಡುವ ಪಂಚೇಂದ್ರಿಯ ಜೀವಿಗಳನ್ನೂ ನೋಯಿಸುತ್ತದೆ.

ಇದನ್ನು ನಾನು ಗ್ರಂಥದಲ್ಲಿ ಓದಿದ್ದೆ. ಕಲಿತದ್ದು ಮಾತ್ರ ಹಿತ್ತಿಲಿನಲ್ಲಿ. ಒಂದು ಚತುರ್ದಶಿಯಂದು ಉಪವಾಸದಲ್ಲಿದ್ದ ನಾನು ತರಗೆಲೆ, ಪ್ಲಾಸ್ಟಿಕ್ ಚೀಲಗಳನ್ನು ರಾಶಿ ಹಾಕಿ ಸುಡುತ್ತಿದ್ದೆ. ನೆರೆಮನೆಯ ಬಾಲಕನಿಗೆ ಉಬ್ಬಸ. ಅವನ ಅಜ್ಜಿ ಬೇಲಿಯ ಬಳಿ ಬಂದು, "ಮೇಷ್ಟ್ರೇ, ಇವತ್ತು ನಿಮಗೆ ಉಪವಾಸ, ನಮ್ಮ ಮಗು ಮಾತ್ರ ನಿಮ್ಮ ಹೊಗೆ ಉಣ್ಣುತ್ತಾ ಇದೆ" ಎಂದರು. ನಲವತ್ತು ವರ್ಷಗಳ ವ್ರತಾಚರಣೆಯ ಅಭಿಮಾನವು ಆ ಒಂದು ಮಾತಿನಿಂದ ಕರಗಿತು. ನೀರು ಸುರಿದು ಬೆಂಕಿ ನಂದಿಸಿದೆ. ಅದರಲ್ಲಿಯೂ ಜಲಕಾಯದ ಹಿಂಸೆಯಾಯಿತು. ಅದೂ ನನ್ನ ಪ್ರಮಾದದ ಫಲವೇ.

ನೀರನ್ನು ನಮ್ಮ ಮನೆಯಲ್ಲಿ ನಾವೇ ಸೋಸಬಹುದು. ಗಾಳಿಯಾದರೋ ಎಲ್ಲರದು. ಅದನ್ನು ಕುಡಿಯುವಲ್ಲಿ ಅಲ್ಲ, ಕೆಡಿಸುವಲ್ಲಿಯೇ ತಡೆಯಬೇಕು. ಅದಕ್ಕೆ ಬೇಕಾದುದು ನಿಯಮ. ಕಸವನ್ನು ಸುಡುವುದಿಲ್ಲವೆಂಬ ನಿಯಮ ಮಾಡಿರಿ. ಎಲೆಗಳು ಗುಂಡಿಯಲ್ಲಿ ಗೊಬ್ಬರವಾಗಲಿ. ದೇಶವ್ರತದಂತೆ ಸಂಚಾರಕ್ಕೆ ಎಲ್ಲೆ ಕಟ್ಟಿಕೊಂಡು, ಹತ್ತಿರದ ಬಸದಿಗೆ ವಾಹನ ಬಿಟ್ಟು ನಡೆದು ಹೋಗಿರಿ. ಪಾರಣೆಯ ಅಡುಗೆಯನ್ನು ಹೊಗೆ ತುಂಬಿದ ಕೋಣೆಯಲ್ಲಿ ಹೆಣ್ಣುಮಕ್ಕಳಿಂದ ಮಾಡಿಸಬೇಡಿರಿ. ಸಾಧ್ಯವಿದ್ದಲ್ಲಿ ಗ್ಯಾಸ್ ಒಲೆ, ಇಲ್ಲವಾದರೆ ಹೊಗೆ ಹೊರಹೋಗುವ ಕೊಳವೆ ಇರಲಿ. ದೀಪಾವಳಿಯು ಪಾವಾಪುರಿಯಲ್ಲಿ ಮಹಾವೀರ ಸ್ವಾಮಿಯ ನಿರ್ವಾಣವಾದ ಪುಣ್ಯದಿನ. ಆ ಪ್ರಾತಃಕಾಲದಲ್ಲಿ ಪೂಜೆ ಮಾಡಿದ ಕೈಯೇ ಸಂಜೆ ಪಟಾಕಿಗೆ ಬೆಂಕಿ ಇಡುವುದು ತರವೇ?

ಕಾರ್ಖಾನೆಗಳ ಹೊಗೆಯನ್ನು ನಮ್ಮ ನಿಯಮವೊಂದೇ ನಿಲ್ಲಿಸಲಾರದು. ಅದಕ್ಕೆ 1981ರ ವಾಯುಮಾಲಿನ್ಯ ನಿಯಂತ್ರಣ ಕಾಯಿದೆ ಇದೆ. ಅದರ ಪಾಲನೆಯನ್ನು ಕೇಳುವುದೂ ಶ್ರಾವಕನಿಗೆ ಉಚಿತವೇ. ಆದರೆ ಕೇಳುವವನ ಹಿತ್ತಿಲಿನಿಂದ ಹೊಗೆ ಏಳುತ್ತಿರಬಾರದು.

ಮುಂದಿನ ಅಷ್ಟಮಿಯಂದು ಅನ್ನವನ್ನು ಬಿಡುವಾಗ, ವ್ಯರ್ಥವಾದ ಒಂದು ಬೆಂಕಿಯನ್ನೂ ಬಿಡೋಣ. ಸರ್ವ ಜೀವಿಗಳ ಉಸಿರೂ ಸುಖವಾಗಿರಲಿ.